ನನಗೆ ಧೈರ್ಯ ತುಂಬಿದವರು

ದೇಶದ ರಾಜಧಾನಿಯ ರಾಮಕೃಷ್ಣಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಗುಮಾಸ್ತರು ಎಪ್ಪತ್ತರ ದಶಕವನ್ನೆಲ್ಲ ಸೆಕ್ಷನ್ ಆಫೀಸರ್ ಆಗುವ ಸಿದ್ಧತೆಯಲ್ಲೇ ಕಳೆದರು. ಬೆಳಗ್ಗೆ ತಣ್ಣೀರು ಸ್ನಾನ, ಬಾಲ್ಕನಿಯಲ್ಲಿ ದೀರ್ಘ ಉಸಿರಾಟ, ಆಮೇಲೆ ಪುಸ್ತಕಗಳಿಗೆ ಹೊಸ ರಟ್ಟು. ಓದುವುದೊಂದು ಮಾತ್ರ ಬಾಕಿ ಉಳಿಯುತ್ತಿತ್ತು. ಯಾರು ಸಿಕ್ಕರೂ ಎದೆ ತಟ್ಟಿಕೊಂಡು, "ಗುರಿ ಇರಬೇಕು ರೀ, ಗುರಿ!" ಎನ್ನುತ್ತಿದ್ದರು.

ಒಂದು ವರ್ಷ ಇಲಾಖೆಯ ಪರೀಕ್ಷೆಗೆ ಇಬ್ಬರೂ ಒಟ್ಟಿಗೆ ಹೋದೆವು. ಗೇಟಿನ ಬಳಿ ನಾನು ನಿಂತುಬಿಟ್ಟೆ.

"ನನ್ನಿಂದಾಗಲ್ಲ ಸಾರ್, ವಾಪಸ್ ಹೋಗ್ತೀನಿ" ಎಂದೆ.

ಅವರು ನನ್ನ ಭುಜ ಹಿಡಿದು ಆತ್ಮವಿಶ್ವಾಸದ ಬಗ್ಗೆ ಶುರುಮಾಡಿದರು. ಗಂಟೆ ಬಾರಿಸಿದಾಗ ನನ್ನನ್ನು ಒಳಗೆ ದಬ್ಬಿದರು. "ಜಲ್ದಿ ಕರೋ ಬಾಬೂಜಿ!" ಎಂದು ಚೌಕಿದಾರ ಗದರಿಸಿದ. ಪರೀಕ್ಷೆಗೆ ಬಂದವರ ಉತ್ಸಾಹ ಹೀಗೆ ಕುಗ್ಗಿಸಬಾರದೆಂದು ಅವರು ಅವನಿಗೂ ಹಿಂದಿಯಲ್ಲಿ ತಿಳಿಹೇಳತೊಡಗಿದರು. ಅವರು ಹೊರಗಿರುವಂತೆಯೇ ಅವನು ಗೇಟು ಹಾಕಿಬಿಟ್ಟ.

ಪರೀಕ್ಷೆ ಮುಗಿಸಿ ಬಂದಾಗ ಅವರು ನನಗಾಗಿ ಬಾಳೆಹಣ್ಣು ಹಿಡಿದು ಬೇವಿನ ಮರದಡಿ ನಿಂತಿದ್ದರು.

ಮನೆ ಬಾಗಿಲಲ್ಲೇ ಅವರ ಹೆಂಡತಿ ಆಸೆಯಿಂದ ಕೇಳಿದರು: "ಪೇಪರ್ ಹೇಗಿತ್ತು ರೀ?"

ಅವರು ನನ್ನ ಬೆನ್ನು ತಟ್ಟಿ ಹೇಳಿದರು: "ಫಸ್ಟ್ ಕ್ಲಾಸಾಗಿ ಬರೆದಿದ್ದಾರೆ ಕಣೇ."