ಹಾಲಿನಷ್ಟು ತೆಳುವಾದ ಬಣ್ಣ

ಏರ್‌ಬ್ರಷ್ಷಿಗೆ ಹಾಕುವ ಬಣ್ಣ ಹಾಲಿನಷ್ಟು ತೆಳ್ಳಗಿರಬೇಕು ಎಂದು ಕುಣಿಗಲ್ಲಿನ ನನ್ನ ಗುರುಗಳು ಹೇಳಿದ್ದರು. ಬೈಕ್ ಟ್ಯಾಂಕಿನ ಮೇಲೆ ಚಿತ್ರ ಬಿಡಿಸುವುದು ಅವರ ಕಸುಬು. ಸತ್ಯಮಂಗಲ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರ ಸ್ಟೋರಿನಲ್ಲಿ ಕೆಲಸ ಮಾಡುವ ನಾನು ಭಾನುವಾರ ಅವರ ಶೆಡ್ಡಿಗೆ ಹೋಗಿ ಕಲಿಯುತ್ತಿದ್ದೆ. ಗುಬ್ಬಿಯ ಮನೆಗೆ ಮರಳಿ ಅಮ್ಮನಿಗೆ ಈ ಹಾಲಿನ ಮಾತು ಹೇಳಿದರೆ, "ಯಾವ ಹಾಲ್ಲಾ? ಪ್ಯಾಕೆಟ್ಟಿಂದೋ, ಮನೆಗೆ ತಂದಾಕೋ ವರ್ತನೆ ಹಾಲೋ?" ಎಂದಳು. ನನಗೂ ಗೊತ್ತಿರಲಿಲ್ಲ.

ಗಟ್ಟಿಯಾದರೆ ಬಣ್ಣ ಬ್ರಷ್ಷಿನ ಮೂತಿಯಲ್ಲೇ ಕಟ್ಟಿಕೊಳ್ಳುತ್ತಿತ್ತು, ನೀರಾದರೆ ಸೋರುತ್ತಿತ್ತು. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಇಷ್ಟು ಸರಳವಾದದ್ದು ಬೆರಳಿಗೆ ಯಾಕೆ ಅರ್ಥವಾಗುವುದಿಲ್ಲ ಎಂದು ನನ್ನ ಮೇಲೇ ರೇಗುತ್ತಿದ್ದೆ. "ಮುಖ ಈಗ್ಲೇ ಮುಟ್‌ಬ್ಯಾಡಿ ಸಾರ್, ಚುಕ್ಕೆ ಗೆರೆ ತಿದ್ದಿ. ಬೇಜಾರಾದ್ರೂ ಬುಡ್‌ಬ್ಯಾಡಿ" ಎನ್ನುತ್ತಿದ್ದರು ಗುರುಗಳು. ಇಷ್ಟವಾದದ್ದನ್ನೇ ಬಿಡಿಸಿ, ಆಗ ಹುಮ್ಮಸ್ಸು ತಾನಾಗಿ ಬರುತ್ತದೆ ಎನ್ನುತ್ತಿದ್ದ ಮೊಬೈಲಿನ ವಿಡಿಯೋದವನು. ಯಾರ ಮಾತು ಕೇಳಬೇಕೋ ತಿಳಿಯದೆ ಹಳೇ ಪೇಪರಿನ ತುಂಬ ಚುಕ್ಕೆ ಇಟ್ಟೆ. ನೊಣ ಕೂತು ಎದ್ದುಹೋದ ಹಾಗಿತ್ತು.

ಕೊನೆಗೆ ಸಾಕಾಗಿ ಒಂದು ತೀರ್ಮಾನಕ್ಕೆ ಬಂದೆ. ಗುಜರಿಯಿಂದ ತಂದ ಟ್ಯಾಂಕಿನ ಮೇಲೆ ಅಮ್ಮನ ಮುಖ ಬರೆಯುವುದು, ಬರದಿದ್ದರೆ ಗುರುಗಳಿಂದ ತಂದ ಗಾಳಿಯ ಕಂಪ್ರೆಸರನ್ನು ವಾಪಸ್ ಕೊಟ್ಟು ಸುಮ್ಮನಾಗುವುದು. "ಬದುಕಿರೋಳ್ ಮುಖ ಯಾರಾರ ಗಾಡಿ ಮೇಲೆ ಬರೀತಾರೇನ್ಲಾ" ಎಂದು ಗೊಣಗುತ್ತಲೇ ಅಮ್ಮ ಎದುರಿಗೆ ಕೂತು ಅವರೆಕಾಯಿ ಸುಲಿಯತೊಡಗಿದಳು.

ಅವತ್ತು ಬಣ್ಣ ತೀರಾ ನೀರಾಗಿತ್ತು. ಕೆನ್ನೆಯ ನೆರಳು ಸೋರಿ ಕೆನ್ನೆ ಒಳಕ್ಕೆ ಹೋಯಿತು. ಕಣ್ಣು ಗುಳಿಬಿದ್ದವು. ಅಮ್ಮನ ದುಂಡು ಮುಖ ಎಲ್ಲಿಯೂ ಇರಲಿಲ್ಲ. ನಾಚಿಕೆಯೂ ಆಯಿತು, ಅಳುವೂ ಬಂತು. ಬಣ್ಣ ಅಳಿಸುವ ಥಿನ್ನರ್ ಬಟ್ಟೆಗೆ ಕೈ ಹಾಕಿದೆ.

"ತಡಿಯಲಾ" ಎಂದು ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದಳು. ತುಂಬಾ ಹೊತ್ತು ನೋಡಿದಳು. "ಅಳಿಸ್‌ಬ್ಯಾಡ. ಇದು ನಮ್ಮವ್ವ ಕಣೋ."

ಆ ಅಜ್ಜಿ ತೀರಿಕೊಂಡಾಗ ಅಮ್ಮ ಇನ್ನೂ ಲಂಗ ಉಡುವ ಹುಡುಗಿ. ಅಜ್ಜಿಯ ಒಂದು ಫೋಟೋ ಕೂಡ ಇಲ್ಲ. ನಾನು ಕಾಣದ ಮುಖ ನನ್ನ ಕೈಯಲ್ಲಿ ಹೇಗೆ ಬಂತು? ಟ್ಯಾಂಕಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಗುರುಗಳು, "ಬಣ್ಣ ಸೋರೈತೆ ಸಾರ್, ಒರ್ಸಿ ಮತ್ತೆ ಹೊಡೀರಿ" ಎಂದರು. ಒರೆಸುವುದು ಹೇಗೆ? ಅಮ್ಮ ಟ್ಯಾಂಕನ್ನು ಒಳಗೆ ಒಯ್ದು ಟಿವಿ ಪಕ್ಕದಲ್ಲಿಟ್ಟಾಗಿತ್ತು. ಬಣ್ಣವನ್ನು ಅಷ್ಟೇ ನೀರಾಗಿ ಬೆರೆಸಿ ಇನ್ನೊಂದು ತಗಡಿನ ಮೇಲೆ ಹೊಡೆದು ನೋಡಿದೆ. ಅಮ್ಮನೂ ಬರಲಿಲ್ಲ, ಅಜ್ಜಿಯೂ ಬರಲಿಲ್ಲ. ಕಲಿತೆನೋ ಕೆಡಿಸಿದೆನೋ ಗೊತ್ತಾಗದೆ, ಕಂಪ್ರೆಸರನ್ನು ಹಿಂತಿರುಗಿಸಲೂ ಆಗದೆ ಒದ್ದಾಡಿದೆ.

ಒಂದು ಸಂಜೆ ಕೇಳಿಯೇಬಿಟ್ಟೆ: "ಅಮ್ಮ, ಅಜ್ಜಿ ನಿಜವಾಗ್ಲೂ ಹಿಂಗೇ ಇದ್ರಾ?"

ಅಮ್ಮ ಟ್ಯಾಂಕನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. "ಮುಖಾನೇ ಮರ್ತೋಗಿತ್ತು ಕಣೋ. ಯಾರ್ಗೂ ಹೇಳಿರ್ಲಿಲ್ಲ. ಇದ್ನ ನೋಡ್ದಾಗಿಂದ ಹಿಂಗೇ ಇದ್ಲು ಅನ್ನಿಸ್ತೈತೆ." ಕನ್ನಡಕ ಸರಿಮಾಡಿಕೊಂಡು, "ಮೂಗು ಒಸಿ ದಪ್ಪ ಆಯ್ತೇನೋ. ಇನ್ನೊಂದು ಮಾಡು, ನೋಡಾನ" ಎಂದಳು.

ಯಾವುದನ್ನು ನೋಡಿಕೊಂಡು ತಿದ್ದುವುದು? ಹೋಗಿ ಕಂಪ್ರೆಸರ್ ಆನ್ ಮಾಡಿದೆ.