ಬ್ರೂಕ್‌ಲ್ಯಾಂಡ್ಸ್‌ನ ಲಾಟೀನು

ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೂ ಅದರ ಮರದ ಹಿಡಿಯನ್ನು ತಮ್ಮ ಎಡಗಿವಿಗೂ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು ನನ್ನ ಕಾರು ರಿಪೇರಿ ಮಾಡುತ್ತಿದ್ದ ಮೇಸ್ತ್ರಿ. ಆ ಕಿವಿಯ ಅಂಚು ಸದಾ ಗ್ರೀಸಿನಿಂದ ಕಪ್ಪಾಗಿರುತ್ತಿತ್ತು. ನಾನೇನಾದರೂ ಬಾಯಿ ತೆರೆದರೆ, "ಸುಮ್ನಿರಿ ಸಾರ್, ಗಾಡಿ ಮಾತಾಡ್ತಿದೆ" ಎನ್ನುತ್ತಿದ್ದರು.

ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ಅವರ ಗ್ಯಾರೇಜಿನ ಹೆಸರು 'ಬ್ರೂಕ್‌ಲ್ಯಾಂಡ್ಸ್'. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾರು ಓಟ ನಡೆದ ಜಾಗವದು. ಬಿಳಿಯ ಎಂಜಿನಿಯರೊಬ್ಬರಿಗೆ ಡ್ರೈವರಾಗಿದ್ದ ಮೇಸ್ತ್ರಿಯ ಅಪ್ಪ, ಆ ದೊರೆಯ ಜೊತೆ ಹಡಗೇರಿ ಅಲ್ಲಿಗೆ ಹೋಗಿದ್ದರಂತೆ. "ರಾತ್ರಿಯೆಲ್ಲಾ ಲಾಟೀನು ಹಿಡ್ಕೊಂಡು ರೇಸ್ ಕಾರುಗಳ ಪಕ್ಕ ನಿಂತಿದ್ರಂತೆ ನಮ್ಮಪ್ಪ. ಚಳಿಗೆ ಬೆರಳು ಮರಗಟ್ಟಿ, ಬೆಳಿಗ್ಗೆ ಲಾಟೀನು ಬಿಡ್ಸೋಕೆ ಇನ್ನೊಬ್ರು ಬರ್ಬೇಕಾಯ್ತಂತೆ!" ಅಪ್ಪನಿಂದ ಅವರಿಗೆ ಉಳಿದದ್ದು ಈ ಕಥೆಯೊಂದೇ.

ಶಾಲೆ ಬೇಗ ಬಿಟ್ಟ ನಾನು ಹಟದಿಂದ ಓದಿಕೊಂಡವನು. ನಾಲ್ಕು ಜನ ಹೇಳಿದರೆಂದು ಯಾವುದನ್ನೂ ಒಪ್ಪುವವನಲ್ಲ. ಹೋದ ವರ್ಷ ಶಿವಮೊಗ್ಗದ ಹಳೆಯ ಪುಸ್ತಕದಂಗಡಿಯಲ್ಲಿ ಆ ಓಟಗಳ ಕುರಿತ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಸುತ್ತಲಿನವರ ನಿದ್ದೆ ಕೆಡುತ್ತದೆಂದು ಅಲ್ಲಿ ರಾತ್ರಿ ಓಟಕ್ಕೆ ಅನುಮತಿಯೇ ಇರಲಿಲ್ಲ. ಆದ್ದರಿಂದ ಹಗಲು ಹನ್ನೆರಡು ಗಂಟೆಗಳಂತೆ ಎರಡು ದಿನ ಓಡಿಸುತ್ತಿದ್ದರು. ನಡುವಿನ ರಾತ್ರಿ ಯಾರೂ ರಿಪೇರಿ ಮಾಡಬಾರದೆಂದು ಕಾರುಗಳನ್ನು ಬೀಗ ಹಾಕಿ ಇಡುತ್ತಿದ್ದರು.

ಗ್ಯಾರೇಜಿನೆದುರಿನ ಹೋಟೆಲಿನಲ್ಲಿ, ಮೇಸ್ತ್ರಿಯೂ ಲಾರಿ ಡ್ರೈವರುಗಳೂ ಟೀ ಕುಡಿಯುತ್ತಿದ್ದಾಗ, ಅದನ್ನು ಗಟ್ಟಿಯಾಗಿ ಓದಿ ಹೇಳಿದೆ.

"ಏನ್ ಮಾರಾಯ, ನಿಮ್ಮಪ್ಪ ಇಲ್ಲೇ ಇರೋ ಆಯನೂರೂ ದಾಟಿರ್ಲಿಲ್ಲ ಅನ್ಸುತ್ತೆ!" ಎಂದನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೇಸ್ತ್ರಿ ಲೋಟ ಕೆಳಗಿಟ್ಟರು. "ಓದಿದೋರು ನೀವು, ಸಾರ್. ಇರ್ಬೋದು. ನಮ್ಮಪ್ಪ ನಂಗ್ಯಾಕೆ ಸುಳ್ಳು ಹೇಳಿದ್ರೋ."

ಮರುದಿನ ಗ್ಯಾರೇಜಿನ ಬೋರ್ಡಿನ ಮೇಲಿನ ಹೆಸರು ಕಾಣದಂತೆ ಹಸಿರು ಬಣ್ಣ ಬಳಿದಿದ್ದರು. ಆಮೇಲೂ ನನ್ನ ಕಾರನ್ನು ಅಷ್ಟೇ ಅಕ್ಕರೆಯಿಂದ ನೋಡಿಕೊಂಡರು; ಅಪ್ಪನ ಮಾತು ಮಾತ್ರ ಎತ್ತಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಮಲವಗೊಪ್ಪದ ಅವರ ಮನೆಗೆ ಮಾತನಾಡಿಸಲು ಹೋದಾಗ, ಕಾಫಿ ಕೊಡುತ್ತ ಮಗಳು ಕೇಳಿದಳು: "ಒಂದ್ ಮಾತು ಕೇಳ್ತೀನಿ ಸಾರ್. ನೀವು ಓದಿದ್ದನ್ನ ಅಪ್ಪ ಮನೇಲಿ ಹೇಳಿದ್ರು. ರಾತ್ರಿ ಕಾರುಗಳಿಗೆ ಬೀಗ ಹಾಕ್ತಿದ್ರಂತಲ್ಲ, ಕಾಯೋಕೆ ಯಾರೂ ಇರ್ತಿರ್ಲಿಲ್ವಾ?"

ಮನೆಗೆ ಬಂದು ಪುಸ್ತಕವನ್ನು ಮತ್ತೆ ಓದಿದೆ. ಗೆದ್ದವರಿದ್ದಾರೆ, ಸೋತವರಿದ್ದಾರೆ, ಬೀಗವೂ ಇದೆ. ಕಾವಲುಗಾರನ ಬಗ್ಗೆ ಒಂದು ಸಾಲೂ ಇಲ್ಲ. ಮೇಸ್ತ್ರಿಯಾದರೂ ಅಪ್ಪ ಕಾರುಗಳ ಪಕ್ಕ ನಿಂತಿದ್ದರೆಂದು ಹೇಳಿದ್ದರೇ ಹೊರತು, ಕಾರುಗಳು ಓಡುತ್ತಿದ್ದವೆಂದು ಎಂದೂ ಹೇಳಿರಲಿಲ್ಲ. ಎಲ್ಲವನ್ನೂ ಸಂಶಯಿಸುವವನೆಂದು ಬೀಗುತ್ತಿದ್ದ ನಾನು ಅಚ್ಚಾದದ್ದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ.

ಆ ಬಣ್ಣ ಕೆರೆದು ಹೆಸರು ಉಳಿಸಿಕೊಳ್ಳಿ ಎಂದು, ಈಗ ಗ್ಯಾರೇಜು ನೋಡಿಕೊಳ್ಳುತ್ತಿರುವ ಮಗಳಿಗೆ ಹೇಳಲು ಎರಡು ಸಲ ಗ್ಯಾರೇಜಿನ ತನಕ ಹೋದೆ. ಎರಡು ಸಲವೂ ಎದುರಿನ ಹೋಟೆಲಿನಲ್ಲಿ, ಬೋರ್ಡಿಗೆ ಬೆನ್ನು ಹಾಕಿ ಕುಳಿತು, ಟೀ ಕುಡಿದು ಹಿಂದಿರುಗಿದೆ.