ಸುಗುಣಕ್ಕನಿಗೆ ತಲುಪದ ನಾಲ್ಕು ವಾಕ್ಯ

ಸುಗುಣಕ್ಕ, ಹನ್ನೊಂದು ವರ್ಷದ ಹಿಂದೆ ನಮ್ಮ ಸಭೆಯ ಸುಗ್ಗಿ ಹಬ್ಬದ ಆರಾಧನೆಯಲ್ಲಿ ಪ್ರಸಂಗ ಮಾಡಲು ಬಂದವರು ನಿಮಗೆಂದೇ ಹೇಳಿದ ಮಾತನ್ನು ನಾನು ನಿಮಗೆ ತಲುಪಿಸಲಿಲ್ಲ. ತಲುಪಿಸಲಿಲ್ಲ ಎಂದರೆ ಸಾಲದು — ಅದರ ಜಾಗದಲ್ಲಿ ನನ್ನದೇ ಮಾತನ್ನಿಟ್ಟು, ಅದು ಪ್ರಸಂಗಿಗಳ ಮಾತೆಂದು ನಿಮ್ಮನ್ನು ನಂಬಿಸಿದೆ. ಬೇಕೆಂದೇ ಮಾಡಿದೆ. ತರ್ಜುಮೆ ಮಾಡುವ ನನ್ನ ಇಂಗ್ಲಿಷಿಗೆ ಅಂದು ಏನೂ ಆಗಿರಲಿಲ್ಲ.

ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಈಗ ಕಿವಿ ಕೇಳುವುದೇ ಇಲ್ಲವೆಂದು, ಕನ್ನಡಕ ಹಾಕಿಕೊಂಡು ಸತ್ಯವೇದ ಮಾತ್ರ ಓದುತ್ತೀರೆಂದು ನಿಮ್ಮ ಮಗಳು ವಿಮಲ ಗಂಡಸಿಯ ತನ್ನ ಮನೆಯಿಂದ ಫೋನು ಮಾಡಿ ಹೇಳಿದಳು. ಇನ್ನೂ ಒಂದು ಹೇಳಿದಳು. ನಮ್ಮ ಹೊಸ ಪಾಸ್ಟರು ಸಭೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿಯನ್ನು ಮನೆಗೇ ತಂದರೆ ನೀವು ತುಟಿ ಬಿಗಿದು ಮುಖ ತಿರುಗಿಸಿದಿರಂತೆ. “ಅಮ್ಮನ ಹಾರ್ಟು ವೀಕಾಗಿದೆ ಅಂದವ್ರೆ ಅಂಕಲ್. ಯಾಕ್ ಹಿಂಗ್ ಮಾಡ್ತಾರೆ ಅಂತ ನಿಮಗೇನಾದ್ರೂ ಗೊತ್ತಾ?” ಎಂದು ಕೇಳಿದಳು. ಗೊತ್ತಿಲ್ಲಮ್ಮ ಎಂದೆ. ನಾಲ್ಕು ದಿನದಿಂದ ಫೋನು ಬಡಿದುಕೊಂಡರೆ ಎತ್ತಲು ಹೆದರುತ್ತೇನೆ. ವಿಮಲಳೇ ಇರಬೇಕು, ಎಲ್ಲ ಮುಗಿದುಹೋಯಿತೆಂದು ಹೇಳಲಿಕ್ಕೆ—

ನಿಮಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ, ಸಹಿಸಿಕೊಳ್ಳಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನಿಗೆ ಹಳೆಯ ಪಾಠ ಒಂದು ಸಲ ಒಪ್ಪಿಸದೆ ಹೊಸದಕ್ಕೆ ಬಾಯಿ ಬರುವುದಿಲ್ಲ.

ನಿಮ್ಮ ಯಜಮಾನರು ರಂಗಪ್ಪಣ್ಣ ಕಣಕಟ್ಟೆಯ ಒಕ್ಕಲುಮನೆಯವರು, ಹಿಂದೂಗಳು. ನಿಮ್ಮನ್ನು ಮದುವೆಯಾದ ಮೇಲೆ ಒಂದು ಭಾನುವಾರವೂ ತಪ್ಪಿಸಿದವರಲ್ಲ. ಅರಸೀಕೆರೆಯ ನಮ್ಮ ಸಣ್ಣ ಸಭೆಯಲ್ಲಿ ಕೊನೆಯ ಬೆಂಚು ಅವರದು. ಕ್ರಿಸ್‌ಮಸ್ಸಿಗೆ ಮುಂಚೆ ಗೋಡೆಗೆ ಸುಣ್ಣ ಹೊಡೆಯುತ್ತಿದ್ದವರು ಅವರು. ಪುಸ್ತಕ ನೋಡದೆ ಕೀರ್ತನೆ ಹಾಡುತ್ತಿದ್ದವರೂ ಅವರೊಬ್ಬರೇ. ಕ್ರೈಸ್ತರಾಗುವ ದೀಕ್ಷಾಸ್ನಾನ ಮಾತ್ರ ತೆಗೆದುಕೊಳ್ಳಲಿಲ್ಲ. “ನಮ್ಮವ್ವಂಗೆ ನಾನೇ ಬೆಂಕಿ ಇಡ್ಬೇಕು ಮೇಷ್ಟ್ರೇ. ಅವ್ವ ಇರೋಗಂಟ ಬ್ಯಾಡ, ಆಮೇಲ್ ನೋಡಾನ” ಎನ್ನುತ್ತಿದ್ದರು. ಅವ್ವ ಉಳಿದರು, ಮಗ ಮೊದಲು ಹೋದರು. ದೀಕ್ಷಾಸ್ನಾನ ಆಗದವರಿಗೆ ಸಭೆಯ ಸಮಾಧಿಭೂಮಿಯಲ್ಲಿ ಜಾಗವಿಲ್ಲ ಎಂದು ಹಿರಿಯರು ತೀರ್ಮಾನಿಸಿದರು — ತೀರ್ಮಾನಿಸಿದೆವು, ಆ ಹಿರಿಯರಲ್ಲಿ ನಾನೂ ಒಬ್ಬ. ಕಣಕಟ್ಟೆಯ ತೋಟದಲ್ಲಿ ದಹನವಾಯಿತು. ಅಲ್ಲಿಂದಾಚೆ ಯಾವ ಪಾಸ್ಟರು ಬಂದರೂ ನೀವು ಕೇಳುತ್ತಿದ್ದದ್ದು ಒಂದೇ: “ಅವ್ರು ಸಿಕ್ತಾರಾ ನಂಗೆ, ಅಲ್ಲಿ?” ಒಬ್ಬರೂ ನೇರವಾಗಿ ಉತ್ತರ ಕೊಡಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಆ ಸುಗ್ಗಿ ಹಬ್ಬಕ್ಕೆ ಬಂದ ಪ್ರಸಂಗಿಗಳು ಕೇರಳದ ಕಡೆಯವರು, ಬೆಂಗಳೂರಿನ ಒಂದು ದೇವಶಾಸ್ತ್ರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಕನ್ನಡ ಬಾರದು. ಅವರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳುವುದು, ಪಕ್ಕದಲ್ಲಿ ನಿಂತು ನಾನು ಕನ್ನಡದಲ್ಲಿ ಹೇಳುವುದು — ಹೊರಗಿನವರು ಯಾರು ಬಂದರೂ ಆ ಕೆಲಸ ನನ್ನದೇ. ಇವರು ಲಿಬರಲ್, ಸತ್ಯವೇದಕ್ಕೆ ಸಡಿಲ ಅರ್ಥ ಹೇಳುವವರು ಎಂದು ಬರುವ ಮುಂಚೆಯೇ ಸುದ್ದಿ ಬಂದಿತ್ತು. ನಮ್ಮಲ್ಲಿ ಅದು ಬೈಗುಳ. ಬೆಳಿಗ್ಗೆ ನಮ್ಮ ಮನೆಯಲ್ಲಿ ಇಡ್ಲಿ ತಿನ್ನುತ್ತಾ, ಸಭೆಯಲ್ಲಿ ಯಾರಿಗಾದರೂ ದೊಡ್ಡ ದುಃಖ ಇದೆಯೇ ಎಂದು ಕೇಳಿದರು. ನಿಮ್ಮ ವಿಷಯ ಹೇಳಿದವನು ನಾನೇ. ಅವರು ತಟ್ಟೆ ಪಕ್ಕಕ್ಕೆ ಸರಿಸಿ, ರಂಗಪ್ಪಣ್ಣ ಸಭೆಯಲ್ಲಿ ಎಲ್ಲಿ ಕೂರುತ್ತಿದ್ದರು ಎಂದು ಕೇಳಿದರು.

ಆರಾಧನೆ ಶುರುವಾದ ಕೂಡಲೇ, ಹೆಂಗಸರ ಕಡೆಯಿಂದ ಒಬ್ಬ ಹುಡುಗಿಯನ್ನು ಮುಂದಕ್ಕೆ ಕರೆದು ಸತ್ಯವೇದ ಓದಿಸಿದರು. ನಮ್ಮ ಸಭೆಯಲ್ಲಿ ಅದುವರೆಗೆ ಹೆಣ್ಣಿನ ದನಿ ಹಾಡಿನಲ್ಲಿ ಬಿಟ್ಟರೆ ಕೇಳಿದ್ದಿಲ್ಲ. ಹಿರಿಯರು ಮುಖ ಮುಖ ನೋಡಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಪ್ರಸಂಗ ಅರ್ಧ ದಾಟುವಷ್ಟರಲ್ಲಿ ನಾನು ಅವರ ಮಾತನ್ನು ಅಲ್ಲಲ್ಲಿ ಮೊಟಕುಮಾಡುತ್ತಿದ್ದೆ — ಹುಡುಗರ ಕಾಂಪೋಸಿಷನ್ನಿನ ಮೇಲೆ ಕೆಂಪು ಇಂಕು ಎಳೆದ ಹಾಗೆ. ತಿದ್ದುವುದು ನನ್ನ ಚಾಳಿ, ಅಕ್ಕ. ಅದನ್ನು ನೆಪವಾಗಿ ಹೇಳುತ್ತಿಲ್ಲ.

ಆಮೇಲೆ ಅವರು ಸುಗ್ಗಿಯ ಕಾಣಿಕೆಯ ಕುಂಬಳಕಾಯಿ, ರಾಗಿ ತೆನೆಗಳ ನಡುವೆ ನೀವು ತಂದಿಟ್ಟಿದ್ದ ರಂಗಪ್ಪಣ್ಣನ ಪಾಲಿನ ತೋಟದ ತೆಂಗಿನಕಾಯಿಗಳನ್ನು ನೋಡಿದರು, ನಿಮ್ಮನ್ನು ನೋಡಿದರು. ನನಗಾಗಿ ನಡುವೆ ನಿಲ್ಲಿಸದೆ ನಾಲ್ಕು ವಾಕ್ಯ ಒಟ್ಟಿಗೆ ಹೇಳಿದರು. ಗಂಡನ ಬಗ್ಗೆ ಆಸೆ ಬಿಡಬೇಡಿ ಎಂಬುದು ಅದರ ತಾತ್ಪರ್ಯ. ಪೂರ್ತಿಯಾಗಿ ಕೆಳಗೆ ಬರೆಯುತ್ತೇನೆ — ಧೈರ್ಯ ಸಾಲದೆ ಮುಂದಕ್ಕೆ ಹಾಕುತ್ತಿದ್ದೇನೆ. ಹೇಳಿ ಮುಗಿಸಿ ನನ್ನ ಕಡೆ ತಿರುಗಿದರು. ಸಭೆಯೆಲ್ಲ ನನ್ನ ಬಾಯಿ ನೋಡುತ್ತಿತ್ತು. ಇದನ್ನು ಕನ್ನಡದಲ್ಲಿ ಹೇಳಿದರೆ ದೀಕ್ಷಾಸ್ನಾನಕ್ಕೆ ಇನ್ನು ಯಾವ ಬೆಲೆ? ನಾವು ರಂಗಪ್ಪಣ್ಣನನ್ನು ಹೊರಗಿಟ್ಟ ತೀರ್ಮಾನಕ್ಕೆ ಯಾವ ಬೆಲೆ? ಆ ಎರಡನೆಯದೇ ನನ್ನನ್ನು ಹೆಚ್ಚು ಹೆದರಿಸಿತು ಎಂದು ಈಗ ಅನ್ನಿಸುತ್ತದೆ. ಸಭೆಯ ಕಡೆ ತಿರುಗಿ ಹೇಳಿದೆ:

“ಸಮಯ ಇರುವಾಗಲೇ ದೀಕ್ಷಾಸ್ನಾನ ಹೊಂದಿರಿ. ಬಾಗಿಲು ಮುಚ್ಚಿದ ಮೇಲೆ ಹೊರಗೆ ನಿಂತು ತಟ್ಟಿದರೆ ತೆರೆಯುವುದಿಲ್ಲ.”

ಸಭೆ ಆಮೆನ್ ಎಂದಿತು, ಎಂದಿಗಿಂತ ಜೋರಾಗಿ. ಪ್ರಸಂಗಿಗಳಿಗೆ ಆ ಆಮೆನ್ ಮಾತ್ರ ಅರ್ಥವಾಯಿತು. ತಮ್ಮ ಮಾತನ್ನು ಎಲ್ಲರೂ ಒಪ್ಪಿದರೆಂದುಕೊಂಡು, ಕಣ್ಣು ತುಂಬಿಕೊಂಡು ನಿಮಗೆ ಕೈಮುಗಿದರು. ನೀವು ಆ ಕೈಗಳನ್ನೇ ನೋಡುತ್ತಾ ಕೂತಿದ್ದಿರಿ.

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನನ್ನನ್ನು ತಡೆದಿರಿ. “ಮೇಷ್ಟ್ರೇ, ಅಯ್ನೋರು ನನ್ ಕಡೀಕೇ ನೋಡ್ಕಂಡು ಏನೋ ಬಾಳ ಹೊತ್ತು ಹೇಳುದ್ರಲ್ಲ, ಅಷ್ಟೇನಾ ಅವ್ರು ಹೇಳಿದ್ದು?”

“ಅಷ್ಟೇ ಅಕ್ಕ” ಎಂದೆ.

ಮೊದಲನೆಯದು ಸಿಟ್ಟಿನಲ್ಲಿ, ಅವಸರದಲ್ಲಿ ಆದದ್ದು ಎಂದು ಬೇಕಾದರೆ ಯಾರಾದರೂ ಅನ್ನಬಹುದು. ಇದಕ್ಕೆ ಏನನ್ನುವುದು? ನಿಮ್ಮ ಮುಖ ನೋಡಿಕೊಂಡು, ನಿಂತು, ಯೋಚಿಸಿ ಹೇಳಿದ ಸುಳ್ಳು. ಪ್ರಸಂಗಿಗಳು ಊಟ ಮಾಡಿ ಹಳೇಬೀಡು ನೋಡಲು ಹೊರಟರು. ಚೆನ್ನಾಗಿ ತರ್ಜುಮೆ ಮಾಡಿದಿರಿ ಎಂದು ಕಾರು ಹತ್ತುವಾಗ ನನ್ನ ಕೈ ಹಿಡಿದು ಕುಲುಕಿದರು.

ಮುಂದಿನ ತಿಂಗಳು ಕರ್ತನ ಭೋಜನದ ದಿನ ರೊಟ್ಟಿಯ ತಟ್ಟೆ ಬಂದಾಗ ನೀವು ಮುಟ್ಟದೆ ಪಕ್ಕದವರಿಗೆ ಕೊಟ್ಟಿರಿ. ಅದರ ಮುಂದಿನ ತಿಂಗಳೂ ಹಾಗೇ. ವಿಚಾರಿಸಿಕೊಂಡು ಬನ್ನಿ ಎಂದು ಸಭೆ ನನ್ನನ್ನೇ ಕಳಿಸಿತು. ನೀವು ಅವರೆಕಾಯಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. “ಬಾಗ್ಲು ಮುಚ್ಚೈತೆ ಅಂದ್ರಲ್ಲ. ಅವ್ರು ಆಚೆ ನಿಂತಿರ್ವಾಗ ನಾನೊಬ್ಳೇ ಒಳಗ್ ಕುಂತ್ಕಂಡು ಉಣ್ಲಾ ಮೇಷ್ಟ್ರೇ?”

ಆಗ ಹೇಳಬಹುದಿತ್ತು. ನಿಮ್ಮ ಕಿವಿ ಆಗ ಚೆನ್ನಾಗಿ ಕೇಳುತ್ತಿತ್ತು. ನಾನು ಕಾಫಿ ಕುಡಿದು ಎದ್ದು ಬಂದೆ. ಸುಗುಣಮ್ಮನವರು ನಂಬಿಕೆಯಲ್ಲಿ ಹಿಂಜರಿದಿದ್ದಾರೆ ಎಂದು ಹಿರಿಯರ ಕೂಟದಲ್ಲಿ ಹೇಳಿದೆ. ಸಭೆಯ ಪುಸ್ತಕದಲ್ಲಿ ಅದನ್ನೇ ಬರೆದುಕೊಂಡರು.

ಈಗ ನಮ್ಮ ಸಭೆಯಲ್ಲಿ ಪ್ರತಿ ವಾರವೂ ಹೆಣ್ಣುಮಕ್ಕಳೇ ಸತ್ಯವೇದ ಓದುತ್ತಾರೆ. ಗಿಟಾರು ಬಂದಿದೆ, ಡ್ರಮ್ಮು ಬಂದಿದೆ. ಡ್ರಮ್ಮಿಗೆ ನಾನು ಈಗಲೂ ಮುಖ ಸಿಂಡರಿಸುತ್ತೇನೆ. ಆಕಾಶವೇನೂ ಕಳಚಿಬೀಳಲಿಲ್ಲ. ಆದರೆ ಆ ಪ್ರಸಂಗಿಗಳು ಹೇಳಿದ್ದು ಸರಿಯಾದ ಬೋಧನೆಯೋ ಅಲ್ಲವೋ — ಸುಳ್ಳೇಕೆ ಹೇಳಲಿ, ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಸತ್ಯವೇದ ತೆರೆದರೆ ಒಂದು ಪುಟ ಹೌದು ಅನ್ನುತ್ತದೆ, ಇನ್ನೊಂದು ಪುಟ ತೆರೆಯಲು ಹೆದರಿಕೆ. ತಪ್ಪು ಬೋಧನೆಯನ್ನು ನಿಮ್ಮ ಕೈಗೆ ಕೊಟ್ಟು ಕಳಿಸುತ್ತಿದ್ದೇನೋ ಏನೋ ಎಂದು ಬರೆಯುವಾಗಲೂ ಅನುಮಾನ. ಇರಲಿ. ಅದು ಸರಿಯಿರಲಿ ತಪ್ಪಿರಲಿ, ನಿಮಗೆ ಹೇಳಿದ ಮಾತು. ನನ್ನ ಹತ್ತಿರ ಇಟ್ಟುಕೊಳ್ಳುವ ಹಕ್ಕು ನನಗಿರಲಿಲ್ಲ.

ಅವರು ಹೇಳಿದ್ದು ಇದು. ಒಂದು ಪದವನ್ನೂ ಮರೆತಿಲ್ಲ:

“ತಾಯಿ, ನಿಮ್ಮ ಯಜಮಾನರು ಕೊನೆಯ ಬೆಂಚಿನಲ್ಲಿ ಕೂತಿದ್ದ ಅಷ್ಟೂ ಭಾನುವಾರ ದೇವರು ಅವರನ್ನು ನೋಡಿದ್ದಾನೆ. ಅವರನ್ನು ಹೊರಗೆ ನಿಲ್ಲಿಸಿದ್ದಾನೆಂದು ಹೇಳುವ ಅಧಿಕಾರ ನನಗಿಲ್ಲ, ಈ ಸಭೆಗೂ ಇಲ್ಲ. ದೇವರ ಕರುಣೆ ನಮ್ಮ ದೀಕ್ಷಾಸ್ನಾನದ ಪುಸ್ತಕಕ್ಕಿಂತ ದೊಡ್ಡದು. ಅವರನ್ನು ಮತ್ತೆ ನೋಡುವ ಆಸೆಯನ್ನು ಬಿಡಬೇಡಿ.”

ಅಷ್ಟೇ ಅಕ್ಕ. ಈಗ ಅಷ್ಟೇ.

ನಾಳೆ ಮೊದಲ ಬಸ್ಸಿಗೆ ಗಂಡಸಿಗೆ ಬರುತ್ತೇನೆ. ಮೊನ್ನೆಯೂ ಹೊರಟಿದ್ದೆ, ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ. ನಾಳೆ ಹತ್ತುತ್ತೇನೆ. ಇದನ್ನು ನಿಮ್ಮ ಕೈಯಲ್ಲೇ ಕೊಟ್ಟು, ನೀವು ಓದಿ ಮುಗಿಸುವ ತನಕ ಎದುರಿಗೆ ಕೂತಿರುತ್ತೇನೆ. ಆಮೇಲೆ ಎದ್ದು ಹೋಗು ಎಂದು ಕೈತೋರಿಸಿದರೆ ಹೋಗುತ್ತೇನೆ. ಕ್ಷಮಿಸಿ ಎಂದು ಬರೆಯಲು ಮೂರು ಸಲ ಪೆನ್ನಿಟ್ಟೆ, ಕೇಳುವ ಮುಖವಿಲ್ಲ.

ಬರುವ ಭಾನುವಾರ ಸಭೆಯಲ್ಲಿ ಕರ್ತನ ಭೋಜನ. ತಟ್ಟೆ ನನ್ನ ಹತ್ತಿರ ಬಂದಾಗ ಮುಟ್ಟದೆ ಪಕ್ಕದವರಿಗೆ ಕೊಡುತ್ತೇನೆ. ಪಾಸ್ಟರು ಎಲ್ಲರೆದುರೇ ಯಾಕೆ ಎಂದು ಕೇಳಬಹುದು. ಈ ಸಲ ಒಂದು ವಾಕ್ಯವನ್ನೂ ಬಿಡದೆ ಹೇಳುತ್ತೇನೆ.